ಅವ್ವನ ಮಷಿನ್ನಿನ ಸೂಜಿ

ಕೈಹೊಲಿಗೆಯ ಸೂಜಿಗೆ ಕಣ್ಣು ತಲೆಯಲ್ಲಿರುತ್ತದೆ, ಮಷಿನ್ನಿನ ಸೂಜಿಗೆ ಮೊನೆಯಲ್ಲಿ. ಇಂಥ ಅತಿ ಸಾಮಾನ್ಯ ಸಂಗತಿಯನ್ನು ನಾನು ಮೊದಲ ಬಾರಿಗೆ ಗಮನಿಸಿದ್ದು ಪಿಂಚಣಿದಾರನಾದ ಮೇಲೆ ಎಂದರೆ ನೀವು ನಗುತ್ತೀರಿ. ನಗಬಹುದು. ನೀರಾವರಿ ಇಲಾಖೆಯಲ್ಲಿ ಕುಳಿತು, ಕಾಲುವೆಯ ನಕ್ಷೆಯ ಮೇಲೆ ಗೆರೆಯೊಂದು ಕೂದಲೆಳೆಯಷ್ಟು ಆಚೀಚೆಯಾದರೂ ಕಿರಿಯರ ಮೇಲೆ ರೇಗುತ್ತಿದ್ದ ಮನುಷ್ಯನಿಗೆ, ತಾನು ಹುಟ್ಟುವ ಮೊದಲಿನಿಂದಲೂ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ಹೊಲಿಗೆ ಮಷಿನ್ನಿನ ಸೂಜಿಗೆ ಕಣ್ಣೆಲ್ಲಿದೆ ಎಂಬುದು ತಿಳಿದಿರಲಿಲ್ಲ. “ಮತ್ತ ನಿಮ್ಮ ಕಣ್ಣು ಎಲ್ಲಿದ್ದೂರಿ ಇಷ್ಟು ವರ್ಷ?” ಎಂದು ನನ್ನ ಹೆಂಡತಿ ಶಾಂತಾ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಮಷಿನ್ನು ನನ್ನ ಅವ್ವನದು. ಅವಳು ಮದುವೆಯಾಗಿ ಕಲಬುರಗಿಯಿಂದ ಹೈದರಾಬಾದಿಗೆ ಬಂದಾಗ ಕಾಚಿಗೂಡದ ನಮ್ಮ ಮನೆಯ ಹೊಸ್ತಿಲನ್ನು ಅವಳಿಗಿಂತ ಮೊದಲು ದಾಟಿದ್ದು ಅದೇ ಅಂತೆ. ಕಪ್ಪು ಮೈ, ಮೈಮೇಲೆ ಬಂಗಾರದ ಬಣ್ಣದ ಹೂಬಳ್ಳಿ, ಬಲಗೈಯಲ್ಲಿ ತಿರುಗಿಸುವ ಹಿಡಿ, ಹೊಟ್ಟೆಯೊಳಗೆ ಕೆಳಗಿನ ದಾರ ಹೊತ್ತು ಓಡಾಡುವ, ದೋಣಿಯ ಆಕಾರದ ಒಂದು ಶಟಲ್. ಕೈ ಊರುವ ಜಾಗದಲ್ಲಿ ಹೂಬಳ್ಳಿ ಅಳಿಸಿಹೋಗಿದೆ. ಅರ್ಧ ಅವ್ವ ಅಳಿಸಿದ್ದು, ಇನ್ನರ್ಧ ಶಾಂತಾ. ಅತ್ತೆ ಸೊಸೆಯರ ನಡುವೆ ಅನೇಕ ಸಲ ಮಾತಿಗೆ ಮಾತು ಬೆಳೆದಿದೆ, ಆದರೆ ಮಷಿನ್ನಿನ ವಿಷಯಕ್ಕೆ ಒಮ್ಮೆಯೂ ಇಲ್ಲ. ಅವ್ವ ಹೋದಮೇಲೆ ಅದರ ಸಂಪೂರ್ಣ ಸ್ವಾಮ್ಯ ಶಾಂತಾಳಿಗೆ ಬಂತು. ನಾನು ಮುಟ್ಟುವಂತಿರಲಿಲ್ಲ. ಮುಟ್ಟುವ ಅಪೇಕ್ಷೆ ನನಗೂ ಇರಲಿಲ್ಲವೆನ್ನಿ.

ನಮ್ಮ ಮಗಳು ವೀಣಾ ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾಳೆ. ಪ್ರಯಾಣಿಕರ ಚೀಲಗಳನ್ನು ತೂಗಿ, ಹೆಚ್ಚಾದರೆ ಮುಖ ಗಂಟಿಕ್ಕುವ ಕೆಲಸ. ಈ ವರ್ಷ ಅವಳು ಬಸುರಿಯಾಗಿದ್ದಳು. ಸೀಮಂತಕ್ಕೆ ಯಾವ ಸೀರೆ ಎಂಬ ಚರ್ಚೆ ಮುಗಿಯುವ ಮೊದಲೇ, ತಿಂಗಳು ತುಂಬಲು ಇನ್ನೂ ಬಹಳ ಬಾಕಿಯಿರುವಾಗಲೇ, ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡು ಮಗು ಹುಟ್ಟಿಬಿಟ್ಟಿತು. ಹೆಣ್ಣು ಮಗು. ಅಷ್ಟು ಹಗುರಾದ ಸಾಮಾನನ್ನು ವೀಣಾ ತನ್ನ ಕೆಲಸದಲ್ಲಿ ತೂಗಿರಲಾರಳು. ನಾಂಪಲ್ಲಿ ದಾಟಿದ ಮೇಲೆ ಸಿಗುವ ಒಂದು ಆಸ್ಪತ್ರೆಯಲ್ಲಿ ಮಗುವನ್ನು ಗಾಜಿನ ಪೆಟ್ಟಿಗೆಯೊಳಗೆ ಇರಿಸಿದರು. ಮೂಗಿಗೆ ನಳಿಕೆ, ಪಾದಕ್ಕೆ ಕೆಂಪು ದೀಪ, ಮೇಲೊಂದು ಪರದೆಯಲ್ಲಿ ಏಳುತ್ತ ಬೀಳುತ್ತ ಓಡುವ ಗೆರೆ. ಗೆರೆಗಳನ್ನು ನೋಡಿಯೇ ಸಂಬಳ ಪಡೆದ ನಾನು ಆ ಗೆರೆಯನ್ನು ಮಾತ್ರ ನೋಡಲಾರದೆ ಮುಖ ತಿರುಗಿಸಿ, ಹೊರಗಿನ ಉಕ್ಕಿನ ಕುರ್ಚಿಯಲ್ಲಿ ಹೋಗಿ ಕುಳಿತೆ.

ಅಲ್ಲಿಯ ನರ್ಸ್, ಮೇರಿ ಎಂಬಾಕೆ, ತೆಲುಗಿನಲ್ಲಿ ಶಾಂತಾಳಿಗೆ ಹೇಳಿದಳು: “ಅಮ್ಮಾ, ಈ ಟೋಪೀ ಪೆದ್ದದಿ. ಚಿನ್ನದಿ ಕಾವಾಲಿ, ಮೆತ್ತಗಾ ಉಂಡಾಲಿ.” ಅಂಗಡಿಯಿಂದ ತಂದ ಟೋಪಿ ದೊಡ್ಡದಾಗಿ ಮಗುವಿನ ಗದ್ದದವರೆಗೂ ಇಳಿಯುತ್ತಿತ್ತು, ಸಣ್ಣದು, ಮೆತ್ತನೆಯದು ಬೇಕು. ಇಂಥ ಕೂಸುಗಳ ಮೈಯ ಶಾಖವೆಲ್ಲ ನೆತ್ತಿಯಿಂದಲೇ ಸೋರಿಹೋಗುತ್ತದಂತೆ. ಎಷ್ಟು ಸಣ್ಣದು ಎಂದು ಶಾಂತಾ ಕೇಳಿದಾಗ ಆಕೆ ತನ್ನ ಊಟದ ಡಬ್ಬಿಯ ಪಕ್ಕದಲ್ಲಿದ್ದ ಮೋಸಂಬಿಯನ್ನು ಎತ್ತಿ ತೋರಿಸಿದಳು.

ಆ ಮಾತು ಕೇಳಿದ್ದೇ ಶಾಂತಾಳ ಬೆನ್ನು ನೆಟ್ಟಗಾಯಿತು. ಅಷ್ಟು ಹೊತ್ತು ಅವಳೂ ನನ್ನಂತೆಯೇ ಉಕ್ಕಿನ ಕುರ್ಚಿಯ ಕೈದಿಯಾಗಿದ್ದಳು. ಮನೆಗೆ ಬಂದವಳು ನನ್ನ ಹಳೆಯ ಮಲ್‌ಮಲ್ ಧೋತರವನ್ನು ಒಗೆದು, ಕುದಿಸಿ, ಒಣಗಿಸಿ, ಇಸ್ತ್ರಿ ಮಾಡಿ, ಮೇಜಿನ ಮೇಲೆ ಮೋಸಂಬಿಯೊಂದನ್ನು ಕೂರಿಸಿ ಅದರ ಸುತ್ತ ಬಟ್ಟೆ ಕತ್ತರಿಸಿದಳು. ನಮ್ಮ ಕಡೆ ಕೂಸುಗಳಿಗೆ ಹಾಕುವ ಕುಂಚಿಗೆಯ ಆಕಾರವೇ, ಆದರೆ ಗೊಂಬೆಯ ಅಳತೆಯದು. ಮಷಿನ್ನಿಗೆ ಎಣ್ಣೆ ಬಿಟ್ಟಳು. ದಾರ ಪೋಣಿಸಿದಳು. ಹಿಡಿ ತಿರುಗಿಸಿ ಮೊದಲನೆಯ ಹೊಲಿಗೆ ಅರ್ಧ ಆಗುವಷ್ಟರಲ್ಲಿ ‘ಟಕ್’ ಎಂದಿತು.

“ಸೂಜಿ ಮುರೀತು,” ಎಂದಳು. ಇದ್ದದ್ದು ಅದೊಂದೇ, ಅವ್ವನ ಕಾಲದ ಸೂಜಿಯ ಪೊಟ್ಟಣ ಎಂದೋ ಬರಿದಾಗಿತ್ತು.

“ಸೂಜಿ ತಾನೆ? ಈಗ ತರ್ತೀನಿ,” ಎಂದು ನಾನು ಚಪ್ಪಲಿ ಮೆಟ್ಟಿಕೊಂಡೆ. ಲೋಕದ ಅನೇಕ ಅನಾಹುತಗಳು ಇಂಥ ಲಘುವಾದ ವಾಕ್ಯಗಳಿಂದಲೇ ಆರಂಭವಾಗಿರಬೇಕು.

ಸುಲ್ತಾನ್ ಬಜಾರಿನ ಅಂಗಡಿಯವನು “ಮಷೀನ್ ಕೌನ್ಸಾ ಸಾಬ್?” ಎಂದು ಕೇಳಿದ. ನಾನು ಬಹಳ ಯೋಚಿಸಿ, “ಕಾಲಾ,” ಎಂದೆ. “ಸಬೀಚ್ ಕಾಲೇ ರೈತೇ ಸಾಬ್,” ಎಂದ ಅವನು, ಎಲ್ಲವೂ ಕರಿಯವೇ ಇರುತ್ತವೆ ಎಂದು. ಅವನು ಕೊಟ್ಟ ಹೊಸ ಸೂಜಿಗಳ ಪೊಟ್ಟಣವನ್ನು ವಿಜಯದ ಭಾವದಿಂದ ಮನೆಗೆ ತಂದೆ. ಸೂಜಿ ಮೇಲೇರಿತು, ತಿರುಪಿಗೂ ಸಿಕ್ಕಿತು. ಶಾಂತಾ ಹಿಡಿ ತಿರುಗಿಸಿದಳು. ಸೂಜಿ ಏಳುತ್ತ ಬೀಳುತ್ತ ಬಟ್ಟೆಯ ಮೇಲೆ ಸಾಲಾಗಿ ಸಾಗಿತು. ಬಟ್ಟೆ ಎತ್ತಿ ನೋಡಿದರೆ ದಾರವೆಲ್ಲ ಮೇಲೆಯೇ ಬಿದ್ದಿತ್ತು.

“ಇದು ಹೊಲ್ಯಾಕತ್ತಿಲ್ರೀ, ಬರೇ ತೂತು ಹೊಡ್ಯಾಕತ್ತೈತಿ,” ಎಂದಳು.

ಯಾರಾದರೂ ದರ್ಜಿಯ ಹತ್ತಿರ ಹೊಲಿಸೋಣ ಎಂದೆ. ಯಾರ ಯಾರ ಕೊಳೆ ಬಟ್ಟೆ ಹಾಯ್ದ ಮಷಿನ್ನಿನಲ್ಲಿ ಕೂಸಿನ ನೆತ್ತಿಯ ಅರಿವೆ ಹೊಲಿಸುವುದಿಲ್ಲ ಎಂದಳು. ಹಾಗಾದರೆ ಕೈಯಲ್ಲೇ ಹೊಲಿ ಎಂದೆ. ಅವಳು ತನ್ನ ಬಲಗೈಯನ್ನು ಮುಂದೆ ಹಿಡಿದು ತೋರಿಸಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಮಗು ಹುಟ್ಟಿದ ದಿನದಿಂದ ಹಾಗೆ ನಡುಗುತ್ತಿದ್ದವು. ಮಷಿನ್ನಿನ ಹಿಡಿ ಹಿಡಿದಾಗ ಮಾತ್ರ ನಿಲ್ಲುತ್ತಿದ್ದವು. ಅದು ನನ್ನ ಗಮನಕ್ಕೆ ಬಂದದ್ದು ಆಗ.

ಅದಾದ ಮೇಲೆ ನಾನು ಮೊಬೈಲು ಹಿಡಿದು ಸೂಜಿಶಾಸ್ತ್ರದ ಅಧ್ಯಯನಕ್ಕೆ ಕುಳಿತೆ. ಮನುಷ್ಯರಿಗಿರುವಂತೆ ಸೂಜಿಗಳಿಗೂ ಗೋತ್ರ ಪ್ರವರಗಳಿವೆ. ಈಗಿನ ಮನೆಯ ಮಷಿನ್ನುಗಳ ಸೂಜಿಗೆ ಬುಡ ಒಂದು ಮಗ್ಗುಲು ಚಪ್ಪಟೆ. ಹಳೆಯವಕ್ಕೆ ಅನೇಕ ಸಲ ಪೂರ್ತಿ ಗುಂಡು. ಬುಡದ ದಪ್ಪ ಬೇರೆ, ಉದ್ದ ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಬುಡದಿಂದ ಕಣ್ಣಿನವರೆಗಿನ ದೂರ. ಸೂಜಿ ಕೆಳಗೆ ಹೋಗಿ ತುಸು ಮೇಲೇಳುವ ಕ್ಷಣದಲ್ಲಿ ಕಣ್ಣಿನ ಬಳಿ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಶಟಲ್ಲಿನ ಮೂತಿ ಆ ಕುಣಿಕೆಯಲ್ಲಿ ತೂರಿದರೆ ಹೊಲಿಗೆ, ಇಲ್ಲದಿದ್ದರೆ ಶಾಂತಾ ಹೇಳಿದಂತೆ ಬರೇ ತೂತು. ಸೂಜಿ ಗಿಡ್ಡವಾದರೆ ಕುಣಿಕೆ ಮೇಲೆಯೇ ಉಳಿಯುತ್ತದೆ, ಶಟಲ್ ಅದರ ಕೆಳಗೆ ನುಸುಳಿ ಹೋಗುತ್ತದೆ. ಈ ಸಮಾಗಮಕ್ಕೆ ಬೇಕಾದ ಮುಹೂರ್ತ ಎಷ್ಟು ಸೂಕ್ಷ್ಮವೆಂದರೆ, ನಮ್ಮ ಮನೆತನದಲ್ಲಿ ಯಾವ ಮದುವೆಗೂ ಅಷ್ಟು ನಿಖರವಾಗಿ ಇಟ್ಟದ್ದಿಲ್ಲ. ಮಷಿನ್ನಿನ ತಳದ ಹಿತ್ತಾಳೆ ತಗಡಿನಲ್ಲಿ ಸಂಖ್ಯೆಯಿದ್ದರೆ ಗೋತ್ರ ಹುಡುಕುವುದು ಸುಲಭ. ನಮ್ಮದರಲ್ಲಿ ಅವ್ವ ಅದನ್ನು ಹುಣಸೆಹಣ್ಣು ಹಾಕಿ ಹಾಕಿ ತಿಕ್ಕಿ ನುಣ್ಣಗೆ ಮಾಡಿದ್ದಳು. ಉಳಿದದ್ದು ಒಂದೇ ದಾರಿ, ಮುರಿದ ಸೂಜಿಯ ಎರಡೂ ತುಂಡುಗಳನ್ನು ಜೋಡಿಸಿ ಅಳೆಯುವುದು.

ಮೇಲಿನ ತುಂಡನ್ನು ತಿರುಪಿನಿಂದ ಬಿಚ್ಚಿ ತೆಗೆದಿಟ್ಟಿದ್ದೆವು. ಕೆಳಗಿನ ತುಂಡು ಎಲ್ಲಿ?

ನಾನು ಈ ಪ್ರಶ್ನೆಯನ್ನು ಅಳತೆಯ ದೃಷ್ಟಿಯಿಂದ ಕೇಳಿದ್ದೆ. ಶಾಂತಾಳ ಮುಖದ ಬಣ್ಣ ಇಳಿದದ್ದು ನೋಡಿದಾಗ ನನಗೆ ಅದರ ಇನ್ನೊಂದು ಅರ್ಥ ಹೊಳೆಯಿತು. ಮೊನೆ ಬಟ್ಟೆಯಲ್ಲೇ ಸಿಕ್ಕಿಕೊಂಡಿದ್ದರೆ? ಆ ಬಟ್ಟೆ ಯಾರ ತಲೆಗೆ ಹೋಗುವುದಿತ್ತು? ಅವಳು ಕತ್ತರಿಸಿದ ತುಂಡುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು, ಬರಿಗೈಯಿಂದ ಹೊಸೆದು ಹೊಸೆದು ನೋಡಿದಳು. “ಚುಚ್ಚಿದ್ರ ನನಗ ಚುಚ್ಚಲಿ,” ಎಂದು ಗೊಣಗುತ್ತಿದ್ದಳು. ಸಿಗಲಿಲ್ಲ. ಎಲ್ಲವನ್ನೂ ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದಳು. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಬಿಲ್ಲೆಯೊಂದನ್ನು ಕಿತ್ತುಕೊಂಡು ನೆಲದ ಮೇಲೆ ಅಂಬೆಗಾಲಿಟ್ಟೆ. ಮಂಡಿನೋವಿಗೆ ಯೋಗ ಬೇಡವೆಂದು ವೈದ್ಯರು ಹೇಳಿದ್ದಾರೆ. ಈ ಆಸನದ ಬಗ್ಗೆ ಏನೂ ಹೇಳಿರಲಿಲ್ಲ. ಕುರ್ಚಿಯ ಕೆಳಗೆ, ಚಾಪೆಯ ಅಂಚಿನಲ್ಲಿ, ಶಾಂತಾಳ ಸೀರೆಯ ನಿರಿಗೆಯಲ್ಲಿ ಹುಡುಕಿದೆ. ಎರಡು ಗುಂಡುಸೂಜಿ, ಕಳೆದುಹೋಗಿದ್ದ ಒಂದು ಕೀಲಿಕೈ, ಕೆಲವು ಮೊಳೆ ಸಿಕ್ಕವು.

ಆಗಲೇ ವೀಣಾಳ ಫೋನು. ಮಗು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿದೆಯಂತೆ. ಪಾದಕ್ಕೆ ಬೆರಳಿನಿಂದ ತಟ್ಟಿದರೆ ಮತ್ತೆ ಶುರುಮಾಡುತ್ತದಂತೆ. ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಇರುವಂಥದೇ ಎಂದು ವೈದ್ಯರು ಹೇಳಿದರು, ಆದರೂ ಕಣ್ಣಿಟ್ಟಿರಬೇಕು ಎಂದರು, ಎಂದಳು. ಉಸಿರಾಟ ಕೂಡ ನೆನಪಿಟ್ಟುಕೊಂಡು ಮಾಡಬೇಕಾದ ಕೆಲಸ ಎಂಬುದು ನನಗೆ ಗೊತ್ತಿರಲಿಲ್ಲ. ಆ ದಿನವೆಲ್ಲ ನಾನು ನನ್ನದೇ ಉಸಿರನ್ನು ಗಮನಿಸುತ್ತ, ಅದನ್ನು ತಪ್ಪಿಸುತ್ತ, ಮತ್ತೆ ಹಿಡಿಯುತ್ತ ಓಡಾಡಿದೆ.

ಮರುದಿನ ಬೆಳಕಿನಲ್ಲಿ ಮಷಿನ್ನಿನ ಅಡಿಯ ತಗಡನ್ನು ಸರಿಸಿ ನೋಡೋಣವೆಂದು ಶಾಂತಾಳೇ ಹೇಳಿದಳು. ಸರಿಸಿದರೆ ಶಟಲ್ ಓಡಾಡುವ ಓಣಿಯಲ್ಲಿ ಎಷ್ಟೋ ವರ್ಷಗಳ ನೂಲಿನ ಧೂಳು ಹತ್ತಿಯ ಹಾಸಿಗೆಯಂತೆ ಬಿದ್ದಿತ್ತು. ಅದರ ಮೇಲೆ ಮುರಿದ ಮೊನೆ ಹಾಯಾಗಿ ಮಲಗಿತ್ತು. ಶಾಂತಾ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಎರಡೂ ತುಂಡುಗಳನ್ನು ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಅಂಟುಪಟ್ಟಿಯಿಂದ ಜೋಡಿಸಿ ಅಂಟಿಸಿ, ಅದನ್ನು ಕನ್ನಡಕದ ಪೆಟ್ಟಿಗೆಯಲ್ಲಿಟ್ಟು, ನಾನು ಎರಡನೆಯ ದಂಡಯಾತ್ರೆಗೆ ಹೊರಟೆ.

ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ಪ್ರತಿ ಅಂಗಡಿಯವನೂ ಪೆಟ್ಟಿಗೆಯೊಳಗೆ ಇಣುಕಿ, ತಲೆಯಾಡಿಸಿ, ಹೊಸ ಮಷಿನ್ನು ಕೊಳ್ಳಿ ಎಂದ. ಒಬ್ಬ ಮಾತ್ರ ಹಳೆ ಮಷಿನ್ನನ್ನು ತನಗೆ ಕೊಡಿ, ಹೋಟೆಲಿನವರು ಅಲಂಕಾರಕ್ಕೆ ಕೇಳುತ್ತಾರೆ ಎಂದ. ಕೊನೆಗೆ ಪತ್ಥರ್‌ಗಟ್ಟಿಯ ಹಿಂದಿನ ಗಲ್ಲಿಯಲ್ಲಿ ಒಂದು ಮಬ್ಬು ಅಂಗಡಿ. ಮಾಲೀಕ ಚಹಾ ಕುಡಿಯುತ್ತ, ನನ್ನ ಸೂಜಿಯನ್ನು ಸರಿಯಾಗಿ ನೋಡುವ ಗೋಜಿಗೂ ಹೋಗದೆ, ಒಂದು ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ಸರಿಸಿದ. “ಅಬ್ಬಾ ಕೇ ಜಮಾನೇ ಕಾ ಮಾಲ್ ಹೈ. ಆಪಿಚ್ ಢೂಂಡ್ ಲೇವ್,” ಎಂದ. ಅವನ ತಂದೆಯ ಕಾಲದ ಸರಕು. ಹುಡುಕುವ ಕರ್ಮ ನನ್ನದು.

ಡಬ್ಬಿಯ ತುಂಬ ಸೂಜಿಗಳು. ಚರ್ಮದವು, ಗೋಣಿಯವು, ಗುಂಡು, ಚಪ್ಪಟೆ, ಗಿಡ್ಡ, ನೀಳ, ತುಕ್ಕು ಹಿಡಿದವು, ಎಣ್ಣೆಕಾಗದದಲ್ಲಿ ಹೊಳೆಯುವಂಥವು. ಒಂದೊಂದನ್ನೇ ಎತ್ತಿ ಲಗ್ನಪತ್ರಿಕೆಯ ಪಕ್ಕ ಹಿಡಿದು, ಬುಡ, ಕಣ್ಣು, ಮೊನೆ ಎಂದು ನೋಡುತ್ತ ಕುಳಿತೆ. ಬೆರಳಿಗೆ ಚುಚ್ಚಿಸಿಕೊಂಡೆ. ಒಪ್ಪಿಕೊಳ್ಳುತ್ತೇನೆ, ಆ ಹೊತ್ತು ನನಗೆ ಒಂದು ಬಗೆಯ ನೆಮ್ಮದಿ ಇತ್ತು. ಕಣ್ಣಮುಂದೆ ಒಂದು ಡಬ್ಬಿ, ಅದಕ್ಕೊಂದು ತಳ, ಆ ತಳದೊಳಗೆ ಉತ್ತರ ಇರಬಹುದು ಅಥವಾ ಇರಲಿಕ್ಕಿಲ್ಲ. ಆಸ್ಪತ್ರೆಯ ಪರದೆಯ ಗೆರೆಗೆ ಅಂಥ ತಳವೇ ಇರಲಿಲ್ಲ.

ಬಹುತೇಕ ಒಪ್ಪುವಂಥ ಕೆಲವು ಸೂಜಿಗಳು ಸಿಕ್ಕಿದವು. ಗುಂಡು ಬುಡ, ದಪ್ಪವೂ ಸರಿ. ಉದ್ದದಲ್ಲಿ ಮಾತ್ರ ಒಂದು ಎಳೆಯಷ್ಟು ಕಡಿಮೆ. ಇನ್ನೂ ಆಳಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಬಂತು. ವೀಣಾ ಅಳುತ್ತಿದ್ದಳು. “ಅಪ್ಪಾ, ಬರ್ರಿ. ಈ ಸಲ ಪಾದ ತಟ್ಟಿದ್ರೂ… ನೀವು ಬರ್ರಿ.” ಸಿಕ್ಕಷ್ಟು ಸೂಜಿಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಚಿಲ್ಲರೆಗೂ ಕಾಯದೆ, ಎದುರಿಗೆ ಬಂದ ಆಟೋ ಹತ್ತಿದೆ. ಅಫ್ಜಲ್‌ಗಂಜಿನ ಸೇತುವೆಯ ಮೇಲೆ ವಾಹನಗಳು ನಿಂತುಬಿಟ್ಟಿದ್ದವು. ನಾನು ಪೊಟ್ಟಣವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಕಾಗದ ತೂರಿ ಬಂದ ಸೂಜಿಗಳು ಅಂಗೈಗೆ ನಾಟಿದ್ದು ಇಳಿಯುವಾಗ ಕಂಡಿತು.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಮತ್ತೆ ಉಸಿರಾಡುತ್ತಿತ್ತು. ಸಣ್ಣ ಬಲೂನಿನಂಥದನ್ನು ಮೂಗಿಗೆ ಹಿಡಿದು ಗಾಳಿ ಕೊಟ್ಟರಂತೆ. ವೀಣಾ ಗಾಲಿಕುರ್ಚಿಯಲ್ಲಿ ಕುಳಿತು ಗೋಡೆ ನೋಡುತ್ತಿದ್ದಳು, ಅಳಿಯ ಔಷಧಿ ತರಲು ಕೆಳಗೆ ಹೋಗಿದ್ದ, ಶಾಂತಾ ಮನೆಯಿಂದ ಇನ್ನೂ ಬಂದಿರಲಿಲ್ಲ.

“ಎಲ್ಲಿ ಹೋಗಿದ್ರಿ?” ಎಂದಳು.

“ಸೂಜಿ…” ಎಂದೆ.

“ಇಲ್ಲಿ ನನ್ನ ಕೂಸು ಸಾಯಾಕತ್ತಿತ್ತು. ನೀವು ಸೂಜಿ ಹುಡುಕಾಕತ್ತಿದ್ರಿ?”

ಮನಸ್ಸಿನಲ್ಲಿ ಒಂದು ದೊಡ್ಡ ವಾಕ್ಯ ಸಿದ್ಧವಾಗಿತ್ತು: ಇಲ್ಲಿ ನನಗೆ ಮಾಡಲು ಏನೂ ಇಲ್ಲ, ಅಲ್ಲಿ ಏನೋ ಇತ್ತು, ಕೈಕಟ್ಟಿ ಕುಳಿತರೆ ಹುಚ್ಚು ಹಿಡಿಯುತ್ತದೆ, ಇತ್ಯಾದಿ. ಅದನ್ನು ಹೇಳುವ ಬದಲು ನಾನು ಕೈ ಬಿಚ್ಚಿ ಪೊಟ್ಟಣವನ್ನು ತೋರಿಸಿದೆ. ಅಂಗೈಯ ರಕ್ತದ ಚುಕ್ಕೆಗಳನ್ನು ಅವಳು ನೋಡಿದಳು. ಆಮೇಲೆ ತನ್ನ ಸೆರಗಿನಿಂದ ನನ್ನ ಕೈ ಒರೆಸುತ್ತ, ಅಜ್ಜಿಯ ಮಷಿನ್ನಿನ ಪಕ್ಕ ಕುಳಿತು ಗೊಂಬೆಯಂಗಿಗೆ ಕಾಯುತ್ತಿದ್ದ ವಯಸ್ಸಿನ ದನಿಯಲ್ಲಿ ಕೇಳಿದಳು:

“ಸಿಕ್ತಾ?”

“ಸ್ವಲ್ಪ ಗಿಡ್ಡ ಐತಿ.”

“ಅವ್ವಗ ಕೊಡ್ರಿ. ಅಕಿ ಏನರ ಮಾಡ್ತಾಳ.”

ಶಾಂತಾ ಮಾಡಿದಳು. ಸಂಜೆ ಮನೆಗೆ ಬಂದು ಸೂಜಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ, “ಎಷ್ಟು ಗಿಡ್ಡ ಐತಿ ಅಷ್ಟು ಕೆಳಗ ಇಳಿಸಿದ್ರಾತು,” ಎಂದಳು. ಸೂಜಿಯನ್ನು ಮೇಲಿನ ತುದಿಯವರೆಗೂ ತುರುಕಲೇಬೇಕು ಎಂದು ಯಾರು ಹೇಳಿದ್ದು? ತಿರುಪು ಸಡಿಲಿಸಿ ಒಂದೆಳೆ ಇಳಿಸುವುದು, ಬಿಗಿ ಮಾಡುವುದು, ಚಕ್ರವನ್ನು ನಿಧಾನ ತಿರುಗಿಸಿ ಶಟಲ್ಲಿನ ಮೂತಿ ಕಣ್ಣಿನ ತುಸು ಮೇಲೆ ಹಾಯುತ್ತದೋ ಎಂದು ನೋಡುವುದು. ನಾನು ಬ್ಯಾಟರಿ ಹಿಡಿದು ಬಗ್ಗಿದೆ. “ಈಗ?” ಎನ್ನುವಳು. “ಇನ್ನೂ ಚೂರು,” ಎನ್ನುವೆ. ಗುಂಡು ಬುಡವಾದ್ದರಿಂದ ಸೂಜಿ ಯಾವ ದಿಕ್ಕಿಗೂ ತಿರುಗಿಕೊಳ್ಳುತ್ತಿತ್ತು; ಅದರ ಉದ್ದನೆಯ ಗೀರು ದಾರ ಬರುವ ಕಡೆಗೇ ಮುಖ ಮಾಡಬೇಕು. ಎಷ್ಟು ಸಲ ಬಿಚ್ಚಿದೆವೋ, ಎಷ್ಟು ಸಲ ಬಿಗಿದೆವೋ. ನಮ್ಮ ತಲೆಗಳು ಒಂದಕ್ಕೊಂದು ತಾಗುತ್ತಿದ್ದವು. ಈಚಿನ ವರ್ಷಗಳಲ್ಲಿ ನಾವು ಅಷ್ಟು ಹತ್ತಿರ, ಅಷ್ಟು ಹೊತ್ತು, ಒಂದೇ ವಸ್ತುವನ್ನು ನೋಡಿದ್ದು ನೆನಪಿಲ್ಲ. ಕೊನೆಗೊಮ್ಮೆ ಶಟಲ್ಲಿನ ಮೂತಿ ಕುಣಿಕೆಯೊಳಗೆ ಸದ್ದಿಲ್ಲದೆ ತೂರಿತು. ಶಾಂತಾ ಬಟ್ಟೆ ಎತ್ತಿದಳು. ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು.

ಅವಳು ನನ್ನ ಇನ್ನೊಂದು ಧೋತರ ಕೇಳಿದಳು, ನಾನು ಕೊಟ್ಟೆ.

ಟೋಪಿಗಳು ಸಿದ್ಧವಾದರೂ ಕೂಡಲೇ ಹಾಕಲಾಗಲಿಲ್ಲ. ಮಗುವಿಗೆ ಸಣ್ಣದೊಂದು ಸೋಂಕು ತಗುಲಿ, ತಲೆಯ ನರಕ್ಕೆ ಸೂಜಿ ಚುಚ್ಚಿ ಔಷಧಿ ಕೊಡತೊಡಗಿದ್ದರು, ಟೋಪಿ ಹಾಕುವಂತಿರಲಿಲ್ಲ. ಕುದಿಸಿ ಒಣಗಿಸಿದ ಟೋಪಿಗಳ ಡಬ್ಬಿಯನ್ನು ಶಾಂತಾ ದಿನವೂ ಆಸ್ಪತ್ರೆಗೆ ಒಯ್ಯುವಳು, ದಿನವೂ ಮರಳಿ ತರುವಳು. ನಾನು ಜೊತೆಗೆ ಹೋಗುತ್ತಿದ್ದೆ. ಹುಡುಕಲು ಯಾವ ಸೂಜಿಯೂ ಉಳಿದಿರಲಿಲ್ಲವಾಗಿ, ಕಡೆಗೂ ಉಕ್ಕಿನ ಕುರ್ಚಿಯಿಂದೆದ್ದು ಗಾಜಿನ ಮುಂದೆ ನಿಂತು ಆ ಗೆರೆಯನ್ನು ನೋಡುವುದನ್ನು ಕಲಿತೆ. ಅದು ಕೆಳಗಿಳಿದಾಗ ನನ್ನ ಕಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು, ಏರಿದಾಗ ಬಿಚ್ಚಿಕೊಳ್ಳುತ್ತಿತ್ತು. ನಾನು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ನಿಂತಿದ್ದೆ ಅಷ್ಟೆ. ವೀಣಾ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ನಿಂತಿರುವುದೂ ಬೇಕಾಗಿತ್ತೆಂದು ಅವಳು ನನ್ನ ತೋಳು ಹಿಡಿದಾಗ ತಿಳಿಯಿತು.

ತಲೆಯ ಸೂಜಿ ತೆಗೆದ ಬೆಳಿಗ್ಗೆ ಮೇರಿ ತಾನಾಗಿಯೇ ಹೊರಬಂದು, “ಅಮ್ಮಾ, ಟೋಪೀ?” ಎಂದು ಕೈ ಚಾಚಿದಳು. ನಾವು ಮೂವರೂ ಗಾಜಿಗೆ ಮೂಗು ಒತ್ತಿ ನಿಂತೆವು. ಆಕೆ ಮಗುವಿನ ತಲೆಗೆ ಒಂದು ಟೋಪಿಯನ್ನು ಎಳೆದಳು, ಇನ್ನೊಂದನ್ನು ಎಳೆದು ನೋಡಿದಳು, ಹೊರಗೆ ಬಂದಳು. ಮುಖದಲ್ಲಿ ಸಂಕೋಚವಿತ್ತು.

“ಚಿನ್ನದೈಪೋಯಿಂದಮ್ಮಾ.”

“ಸಣ್ಣದಾತ?” ಶಾಂತಾ ಕನ್ನಡದಲ್ಲೇ ಕೇಳಿದಳು.

ಸಣ್ಣದಾಗಿತ್ತು. ನಾವು ಅತ್ತಿತ್ತ ಅಲೆದು, ಹೆದರಿ, ಕಾಯುತ್ತಿದ್ದ ಆ ಕಾಲದಲ್ಲಿ ಮಗು ಯಾರಿಗೂ ಹೇಳದೆ ತನ್ನಷ್ಟಕ್ಕೆ ಬೆಳೆಯುತ್ತಿತ್ತು. ಶಾಂತಾ ಆ ಟೋಪಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ನನ್ನನ್ನು, ಒಮ್ಮೆ ವೀಣಾಳನ್ನು ನೋಡಿದಳು. ಹೊಲಿಗೆ ತಪ್ಪಿತೆಂದು ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ವೀಣಾ ನಗತೊಡಗಿದಳು; ಹೆರಿಗೆಯಲ್ಲಿ ಕೊಯ್ದ ಹೊಟ್ಟೆಯ ಗಾಯ ನೋಯುತ್ತದೆಂದು ಕೈಯಿಂದ ಒತ್ತಿಹಿಡಿದುಕೊಂಡು ನಕ್ಕಳು.

ಹೊಸ ಅಳತೆ ಬೇಕಲ್ಲ. ಮೇರಿ ಒಳಗೆ ಕೇಳಿಕೊಂಡು ಬಂದು, ಶಾಂತಾಳ ಕೈ ಮೊಣಕೈವರೆಗೂ ತೊಳೆಸಿ, ಹಸಿರು ನಿಲುವಂಗಿ ತೊಡಿಸಿ, ಅವಳನ್ನು ಒಳಗೆ ಕರೆದೊಯ್ದಳು. ಪೆಟ್ಟಿಗೆಯ ಮಗ್ಗುಲಿನ ದುಂಡನೆಯ ಕಿಂಡಿಯನ್ನು ತೆರೆದಳು. ಶಾಂತಾ ಕೈ ಒಳಗೆ ಚಾಚಿದಳು. ಅವಳ ಬೆರಳು ನಡುಗುತ್ತಿವೆಯೋ ಎಂದು ನಾನು ಗಾಜಿನ ಈಚೆಯಿಂದ ನೋಡಿದೆ. ಇಲ್ಲ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಮಗುವಿನ ತಲೆಯನ್ನು ಅದರಲ್ಲಿ ತುಂಬಿಕೊಂಡಳು. ಹೆಬ್ಬೆರಳು ಒಂದು ಕಿವಿಯ ಬಳಿ, ಕಿರುಬೆರಳು ಇನ್ನೊಂದರ ಬಳಿ. ಅಳತೆ ಅಲ್ಲಿಗೆ ಮುಗಿಯಿತು.

ಸ್ವಲ್ಪ ಹೊತ್ತಾದ ಮೇಲೆ ಮೇರಿ ಮೆಲ್ಲಗೆ ಕೇಳಿದಳು, “ಅಯಿಂದಾ ಅಮ್ಮಾ?”

“ಇಂಕಾ ಕಾಲೇದು,” ಎಂದಳು ಶಾಂತಾ. ಇನ್ನೂ ಆಗಿಲ್ಲ ಎಂದು. ಕೈ ತೆಗೆಯಲಿಲ್ಲ.